ಸಾಮ್ರಾಜ್ಯದಿಂದ ಪ್ರಭೇದದವರೆಗೆ: ಒಂದು ಜೀವಿಯನ್ನು ವರ್ಗೀಕರಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಸಾಮ್ರಾಜ್ಯ, ವಂಶ (ಫೈಲಮ್), ವರ್ಗ, ಗಣ (ಆರ್ಡರ್), ಕುಟುಂಬ, ಜಾತಿ (ಜೀನಸ್), ಪ್ರಭೇದ (ಸ್ಪೀಶೀಸ್). ಈ ಏಳು ಹೆಸರನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದು ಪ್ರಾಣಿಯನ್ನೋ ಗಿಡವನ್ನೋ ತೋರಿಸಿ, ಇದನ್ನು ಈ ಏಳರಲ್ಲಿ ಕೂರಿಸಿ ನೋಡೋಣ ಅಂದರೆ ಹೆಚ್ಚಿನವರು ತಡವರಿಸುತ್ತಾರೆ. ಹೆಸರುಗಳು ಗೊತ್ತು, ಅವು ಇರುವುದು ಯಾವ ಕೆಲಸಕ್ಕೆ ಅನ್ನುವುದು ಗೊತ್ತಿಲ್ಲ, ಅಷ್ಟೇ.

ಕೆಲಸ ಒಂದೇ. ಯಾವ ಜೀವಿ ಯಾವುದಕ್ಕೆ ಎಷ್ಟು ಹತ್ತಿರದ ನಂಟು ಅಂತ ಹೇಳುವುದು. ಹಾಗಾಗಿ ಒಂದೊಂದೇ ಜೀವಿಯ ಪಟ್ಟಿಯನ್ನು ಉರು ಹೊಡೆಯಬೇಡಿ. ಎರಡೆರಡನ್ನು ಪಕ್ಕಪಕ್ಕ ಇಡಿ. ಅವು ಎಲ್ಲಿಯವರೆಗೆ ಜೊತೆಯಾಗಿ ಬರುತ್ತವೆ, ಎಲ್ಲಿ ಬೇರೆಯಾಗುತ್ತವೆ ಅಂತ ನೋಡಿ. ನಾನು ಇಲ್ಲಿ ಹೇಳುವುದೆಲ್ಲ ಆ ದಾರಿಯಲ್ಲೇ ಇದೆ.

ಹಂತ 1: ಚೌಕಟ್ಟನ್ನು ಸರಿಯಾಗಿ ನೆನಪಿಡಿ

ಇವನ್ನು ಮೆಟ್ಟಿಲುಗಳು ಅಂದುಕೊಂಡರೆ ದಾರಿ ತಪ್ಪುತ್ತದೆ. ಡಬ್ಬಿಯೊಳಗೆ ಡಬ್ಬಿ ಅಂದುಕೊಳ್ಳಿ. ಒಂದು ಕುಟುಂಬದೊಳಗೆ ಇರುವ ಎಲ್ಲವೂ ಅದರ ಹೊರಗಿನ ಗಣದೊಳಗೂ ಇವೆ, ಆ ಗಣದ ಹೊರಗಿನ ವರ್ಗದೊಳಗೂ ಇವೆ. ಮೇಲಿನದು ಶ್ರೇಷ್ಠ, ಕೆಳಗಿನದು ಕನಿಷ್ಠ ಅನ್ನುವ ಮಾತೇ ಇಲ್ಲ. ಮೇಲಿನದು ದೊಡ್ಡದು, ಕೆಳಗಿನದು ಚಿಕ್ಕದು, ಅಷ್ಟೇ ವ್ಯತ್ಯಾಸ.

ಇವತ್ತು ಮುಖ್ಯ ಸ್ತರಗಳು ಎಂಟು. ಮೇಲಿನ ಏಳರ ಜೊತೆಗೆ ಎಲ್ಲಕ್ಕಿಂತ ಹೊರಗಡೆ ಡೊಮೈನ್ ಇದೆ. ಕೆಲವು ಪುಸ್ತಕಗಳಲ್ಲಿ ಜಾತಿಗೆ ಕುಲ ಅಂತಲೂ, ಸಸ್ಯಗಳ ವಂಶಕ್ಕೆ ವಿಭಾಗ ಅಂತಲೂ ಇರುತ್ತದೆ. ಸ್ತರ ಅದೇ, ಗಾಬರಿ ಬೇಡ.

ಇವೆಲ್ಲ ಒಂದೇ ಸಲ ಬಂದವಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ 1735ರಲ್ಲಿ ‘ಸಿಸ್ಟೆಮಾ ನ್ಯಾಚುರೇ’ ಎಂಬ ಪುಸ್ತಕ ಪ್ರಕಟಿಸಿದಾಗ ಇದ್ದದ್ದು ಸಾಮ್ರಾಜ್ಯ, ವರ್ಗ, ಗಣ, ಜಾತಿ, ಪ್ರಭೇದ ಇಷ್ಟೇ. ಕುಟುಂಬ ಆಮೇಲೆ ಸೇರಿತು. ವಂಶ ಎಂಬ ಸ್ತರವನ್ನು ಅರ್ನ್‌ಸ್ಟ್ ಹೆಕೆಲ್ 1866ರಲ್ಲಿ ತಂದರು. ಡೊಮೈನ್ ಇನ್ನೂ ಹೊಸದು, 1990ರಲ್ಲಿ ಕಾರ್ಲ್ ವೋಸ್ ಮತ್ತು ಅವರ ಜೊತೆಗಾರರು ಸೂಚಿಸಿದ್ದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಸ್ತರಗಳನ್ನು ಪ್ರಕೃತಿ ಬರೆದಿಟ್ಟಿಲ್ಲ. ನಂಟು ನಿಜವಾದದ್ದು, ಡಬ್ಬಿಗಳನ್ನು ಮಾಡಿದವರು ಮನುಷ್ಯರು. ಬೇಕಾದಾಗ ಹೊಸದನ್ನು ಸೇರಿಸಿದ್ದಾರೆ, ಮುಂದೆಯೂ ಸೇರಿಸುತ್ತಾರೆ.

ಹಂತ 2: ಮೊದಲು ಪ್ರಭೇದ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಆಡುಮಾತಿನ ಹೆಸರಿನಿಂದ ವರ್ಗೀಕರಣ ಶುರು ಮಾಡಲು ಬರುವುದಿಲ್ಲ. ‘ಆನೆ ಯಾವ ಜಾತಿಗೆ ಸೇರಿದ್ದು?’ ಅಂತ ಕೇಳಿದರೆ ಒಂದೇ ಉತ್ತರ ಇಲ್ಲ. ಏಷ್ಯಾದ ಆನೆ ಎಲಿಫಾಸ್ ಮ್ಯಾಕ್ಸಿಮಸ್. ಆಫ್ರಿಕಾದ ಹುಲ್ಲುಗಾವಲಿನ ಆನೆ ಲಾಕ್ಸೊಡಾಂಟಾ ಆಫ್ರಿಕಾನಾ, ಅಲ್ಲಿನದೇ ಕಾಡಾನೆ ಲಾಕ್ಸೊಡಾಂಟಾ ಸೈಕ್ಲೋಟಿಸ್. ಅಂದರೆ ಎರಡು ಜಾತಿ, ಮೂರು ಪ್ರಭೇದ. ಒಂದೇ ಹೆಸರಿನಡಿ ಇಷ್ಟೂ ಅಡಗಿವೆ.

ಇದರ ತದ್ವಿರುದ್ಧವೂ ಆಗುತ್ತದೆ. ಎಲೆಕೋಸು, ಹೂಕೋಸು, ಬ್ರೊಕೊಲಿ ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿವೆ, ಅಲ್ವಾ? ಮೂರೂ ಒಂದೇ ಪ್ರಭೇದ, ಬ್ರಾಸಿಕಾ ಒಲೆರೇಸಿಯಾ. ಒಂದೇ ಗಿಡದಲ್ಲಿ ಒಂದು ಕಡೆ ಎಲೆಮೊಗ್ಗನ್ನು, ಇನ್ನೊಂದು ಕಡೆ ಹೂಗೊಂಚಲನ್ನು ಮನುಷ್ಯ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದರಿಂದ ಈ ರೂಪಗಳು ಬಂದವು. ಹಾಗಾಗಿ ಹೆಸರನ್ನೂ ನಂಬಬೇಡಿ, ಮೇಲ್ನೋಟದ ರೂಪವನ್ನೂ ನಂಬಬೇಡಿ. ಎರಡು ಪದದ ವೈಜ್ಞಾನಿಕ ಹೆಸರು ಕೈಗೆ ಬಂದ ಮೇಲೆಯೇ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಹೆಸರನ್ನು ನಿಯಮದ ಪ್ರಕಾರ ಬರೆಯಿರಿ

ಹುಲಿ ಪ್ಯಾಂಥೆರಾ ಟೈಗ್ರಿಸ್. ಮೊದಲ ಪದ ಜಾತಿ. ಎರಡನೆಯ ಪದ ಒಂದೇ ಇದ್ದರೆ ಅದು ಪ್ರಭೇದದ ಹೆಸರಲ್ಲ, ಎರಡೂ ಸೇರಿದರೆ ಮಾತ್ರ ಪ್ರಭೇದ. ಸುಮ್ನೆ ‘ಟೈಗ್ರಿಸ್’ ಅಂತ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ರೋಮನ್ ಲಿಪಿಯಲ್ಲಿ ಬರೆಯುವಾಗ ಜಾತಿಯ ಮೊದಲ ಅಕ್ಷರ ದೊಡ್ಡದು, ಎರಡನೆಯ ಪದ ಪೂರ್ತಿ ಸಣ್ಣಕ್ಷರ, ಎರಡೂ ಓರೆ ಅಕ್ಷರದಲ್ಲಿ. ಕೈಬರಹವಾದರೆ ಅಡಿಗೆರೆ ಹಾಕಿ.

ಹೆಸರಿನ ಮುಂದೆ ಬರುವ ವ್ಯಕ್ತಿಯ ಹೆಸರು ಮತ್ತು ಇಸವಿಯನ್ನು ತುಂಬಾ ಜನ ಓದದೆ ದಾಟಿಬಿಡುತ್ತಾರೆ. ಅಲ್ಲಿ ಒಳ್ಳೆಯ ಮಾಹಿತಿ ಇರುತ್ತದೆ. ಹುಲಿಯ ಹೆಸರಿನ ಮುಂದೆ ‘ಲಿನೇಯಸ್, 1758’ ಅಂತ ಕಂಸದೊಳಗೆ ಇದೆ. ಸಾಕುಬೆಕ್ಕು ಫೆಲಿಸ್ ಕ್ಯಾಟಸ್‌ನ ಮುಂದೆಯೂ ಅದೇ ಲಿನೇಯಸ್, ಅದೇ 1758. ಆದರೆ ಅಲ್ಲಿ ಕಂಸ ಇಲ್ಲ. ಕಂಸ ಇದ್ದರೆ, ಹೆಸರಿಟ್ಟವರು ಅದನ್ನು ಬೇರೆ ಜಾತಿಯಲ್ಲಿ ಇಟ್ಟಿದ್ದರು, ಆಮೇಲೆ ಯಾರೋ ಜಾಗ ಬದಲಿಸಿದ್ದಾರೆ ಅಂತ ಅರ್ಥ. ಲಿನೇಯಸ್ ಹುಲಿಯನ್ನು ಬೆಕ್ಕಿನ ಜೊತೆ ಫೆಲಿಸ್ ಜಾತಿಯಲ್ಲೇ ಇಟ್ಟಿದ್ದರು. ಒಂದು ಜೊತೆ ಕಂಸ ಇಷ್ಟು ಕತೆ ಹೇಳುತ್ತದೆ. ಸಸ್ಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಾಗ ಬದಲಿಸಿದವರ ಹೆಸರನ್ನೂ ಕಂಸದ ಹೊರಗೆ ಸೇರಿಸುತ್ತಾರೆ.

ಪ್ರಾಣಿಗಳ ಹೆಸರಿಗೆ 1758, ಅಂದರೆ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೇ ಆವೃತ್ತಿ ಆರಂಭದ ಗೆರೆ. ಸಸ್ಯಗಳಿಗೆ 1753ರ ‘ಸ್ಪೀಶೀಸ್ ಪ್ಲಾಂಟೇರಮ್’. ಎರಡಕ್ಕೂ ನಿಯಮಾವಳಿ ಬೇರೆ ಬೇರೆ. ಅದರಿಂದ ಒಂದು ವಿಚಿತ್ರವೂ ಆಗಿದೆ: ಮೋರಸ್ ಅಂದರೆ ಹಿಪ್ಪುನೇರಳೆಯ ಜಾತಿ, ಗ್ಯಾನೆಟ್ ಎಂಬ ಕಡಲಹಕ್ಕಿಗಳ ಜಾತಿಯೂ ಮೋರಸ್ಸೇ. ಎರಡೂ ಸರಿ. ಹುಡುಕುವಾಗ ಸಾಮ್ರಾಜ್ಯ ಯಾವುದು ಅಂತ ನೋಡಿಕೊಳ್ಳಿ.

ಹಂತ 4: ಹೊರಗಿನಿಂದ ಒಳಕ್ಕೆ ಬನ್ನಿ, ಪ್ರತಿ ಸ್ತರದಲ್ಲಿ ‘ಯಾಕೆ?’ ಅಂತ ಕೇಳಿ

ಹುಲಿಯನ್ನೇ ತೆಗೆದುಕೊಳ್ಳೋಣ. ಜೀವಕೋಶದಲ್ಲಿ ಪೊರೆಯೊಳಗೆ ಕೋಶಕೇಂದ್ರ ಇದೆ, ಹಾಗಾಗಿ ಡೊಮೈನ್ ಯೂಕ್ಯಾರಿಯಾ. ಬಹುಕೋಶದ ಜೀವಿ, ಬೇರೆ ಜೀವಿಗಳನ್ನು ತಿಂದು ಬದುಕುತ್ತದೆ, ಕೋಶಗಳಿಗೆ ಗಟ್ಟಿ ಭಿತ್ತಿ ಇಲ್ಲ. ಸಾಮ್ರಾಜ್ಯ ಅನಿಮೇಲಿಯಾ.

ವಂಶ ಕಾರ್ಡೇಟಾ. ಇದಕ್ಕೆ ಬೆನ್ನುಮೂಳೆ ಕಾರಣ ಅಂತ ಹೇಳುವುದು ರೂಢಿ, ಆದರೆ ಗುರುತು ಅದಲ್ಲ. ಬದುಕಿನ ಯಾವುದಾದರೂ ಘಟ್ಟದಲ್ಲಿ ಬೆನ್ನಿನುದ್ದಕ್ಕೂ ನೋಟೋಕಾರ್ಡ್ ಎಂಬ ಬಾಗುವ ದಂಡ ಇರಬೇಕು. ಹುಲಿಗೆ ಅದು ಭ್ರೂಣದಲ್ಲಿ ಇರುತ್ತದೆ. ಕಡಲಿನ ಬಂಡೆಗೆ ಚೀಲದ ಹಾಗೆ ಅಂಟಿಕೊಂಡು ಕೂರುವ ಸೀ ಸ್ಕ್ವರ್ಟ್ ಎಂಬ ಜೀವಿಗೆ ಬೆನ್ನುಮೂಳೆ ಇಲ್ಲವೇ ಇಲ್ಲ, ಆದರೂ ಅದು ಇದೇ ವಂಶ. ಯಾಕೆಂದರೆ ಅದರ ಈಜುವ ಮರಿಗೆ ನೋಟೋಕಾರ್ಡ್ ಇದೆ. ಬೆಳೆದ ರೂಪವನ್ನು ಮಾತ್ರ ನೋಡಿ ತೀರ್ಮಾನ ಮಾಡಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ವರ್ಗ ಮಮೇಲಿಯಾ, ಅಂದರೆ ಸಸ್ತನಿಗಳು: ಮೈಮೇಲೆ ಕೂದಲು, ಮರಿಗೆ ಹಾಲು, ಕಿವಿಯೊಳಗೆ ಮೂರು ಪುಟ್ಟ ಮೂಳೆ.

ಗಣ ಕಾರ್ನಿವೋರಾ. ಇಲ್ಲಿ ಸ್ವಲ್ಪ ನಿಲ್ಲಿ, ಹೆಸರಿನ ಅರ್ಥ ‘ಮಾಂಸ ತಿನ್ನುವವು’ ಅಂತ. ‘ಮಾಂಸ ತಿನ್ನುತ್ತದೆ, ಅದಕ್ಕೇ’ ಅಂದರೆ ತಪ್ಪು ಉತ್ತರ. ದೈತ್ಯ ಪಾಂಡಾ ಬಹುಪಾಲು ಬಿದಿರು ತಿಂದೇ ಬದುಕುತ್ತದೆ, ಅದೂ ಕಾರ್ನಿವೋರಾ. ಮಾಂಸ ತಿನ್ನುವ ಡಾಲ್ಫಿನ್ ಈ ಗಣದಲ್ಲಿ ಇಲ್ಲ. ನೋಡಬೇಕಾದ್ದು ಹಲ್ಲು. ಮೇಲ್ದವಡೆಯ ನಾಲ್ಕನೇ ಮುಂದವಡೆ ಹಲ್ಲು ಮತ್ತು ಕೆಳದವಡೆಯ ಮೊದಲ ಹಿಂದವಡೆ ಹಲ್ಲು ಒಂದಕ್ಕೊಂದು ಉಜ್ಜಿ ಕತ್ತರಿಸುವಂತೆ ಮಾರ್ಪಟ್ಟಿವೆ. ಇದು ಈ ಗಣದ ಹಿರೀಕರಿಂದ ಬಂದ ಗುರುತು. ಹುಲಿಯಲ್ಲಿ ಅದು ಹರಿತವಾಗಿದೆ, ಕರಡಿಗಳಲ್ಲಿ ಹರಿತ ಕಳೆದುಕೊಂಡು ಅಗಲವಾಗಿದೆ. ಏನು ತಿನ್ನುತ್ತದೆ ಅನ್ನುವುದು ಬದುಕುವ ರೀತಿ, ಯಾರಿಂದ ಬಂತು ಅನ್ನುವುದು ವರ್ಗೀಕರಣ. ಇವೆರಡನ್ನೂ ಬೆರೆಸಿದರೆ ಎಲ್ಲ ಸ್ತರದಲ್ಲೂ ಎಡವುತ್ತೀರಿ.

ಕುಟುಂಬ ಫೆಲಿಡೇ: ಮೋಟು ಮೂತಿ, ಬೇಕಾದಾಗ ಹೊರಚಾಚುವ ಉಗುರು. ಜಾತಿ ಪ್ಯಾಂಥೆರಾ, ಪ್ರಭೇದ ಪ್ಯಾಂಥೆರಾ ಟೈಗ್ರಿಸ್.

ಹಂತ 5: ಹೆಸರಿನ ಬಾಲ ನೋಡಿ ಸ್ತರ ಹಿಡಿಯಿರಿ

ಇದನ್ನು ಒಮ್ಮೆ ಕಲಿತರೆ ಅರ್ಧ ಕೆಲಸ ಹಗುರ. ಪ್ರಾಣಿಗಳಲ್ಲಿ ಕುಟುಂಬದ ಹೆಸರು ‘ಇಡೇ’ ಅಂತ ಮುಗಿಯುತ್ತದೆ, ಉಪಕುಟುಂಬ ‘ಇನೇ’ ಅಂತ. ಹೆಸರನ್ನು ಆ ಕುಟುಂಬದ ಒಂದು ಜಾತಿಯಿಂದಲೇ ಕಟ್ಟುತ್ತಾರೆ. ಫೆಲಿಸ್‌ನಿಂದ ಫೆಲಿಡೇ, ಕ್ಯಾನಿಸ್‌ನಿಂದ ಕ್ಯಾನಿಡೇ, ಹೋಮೊದಿಂದ ಹೋಮಿನಿಡೇ, ಪ್ಯಾಂಥೆರಾದಿಂದ ಪ್ಯಾಂಥೆರಿನೇ. ಪ್ರಾಣಿಗಳ ಗಣಕ್ಕೆ ಎಲ್ಲೆಡೆ ನಡೆಯುವ ಒಂದೇ ಬಾಲ ಇಲ್ಲ, ಹಕ್ಕಿ ಮತ್ತು ಮೀನುಗಳಲ್ಲಿ ಮಾತ್ರ ‘ಫಾರ್ಮೀಸ್’ ಅಂತ ಮುಗಿಸುವ ರೂಢಿ ಇದೆ.

ಸಸ್ಯಗಳಲ್ಲಿ ಕುಟುಂಬ ‘ಏಸಿಯೇ’, ಗಣ ‘ಏಲ್ಸ್’. ಟೊಮೆಟೊ ಗಿಡದ ಕುಟುಂಬ ಸೊಲನೇಸಿಯೇ, ಗಣ ಸೊಲನೇಲ್ಸ್. ಎಂಟು ಕುಟುಂಬಗಳಿಗೆ ಹಳೆಯ ಹೆಸರನ್ನೂ ಉಳಿಸಿಕೊಳ್ಳಲು ನಿಯಮದಲ್ಲೇ ಒಪ್ಪಿಗೆ ಇದೆ: ಹುಲ್ಲುಗಳ ಪೊಯೇಸಿಯೇಗೆ ಗ್ರಾಮಿನೀ, ತೆಂಗು ಈಚಲುಗಳ ಅರೆಕೇಸಿಯೇಗೆ ಪಾಮೇ, ಹೀಗೆ. ಹಳೆಯ ಪುಸ್ತಕದಲ್ಲಿ ಇವು ಕಂಡರೆ ಬೇರೆ ಕುಟುಂಬ ಅಂದುಕೊಳ್ಳಬೇಡಿ.

ಒಂದು ಕಡೆ ಮಾತ್ರ ಕಣ್ಣಿಟ್ಟು ಓದಿ. ‘ಆಯ್ಡಿಯಾ’ ಅಂತ ಮುಗಿದರೆ ಪ್ರಾಣಿಗಳ ಮಹಾಕುಟುಂಬ, ಅಂದರೆ ಕುಟುಂಬಕ್ಕಿಂತ ದೊಡ್ಡದು. ‘ಆಯ್ಡಿಯೇ’ ಅಂತ ಮುಗಿದರೆ ಸಸ್ಯಗಳ ಉಪಕುಟುಂಬ, ಕುಟುಂಬಕ್ಕಿಂತ ಚಿಕ್ಕದು. ರೋಮನ್ ಲಿಪಿಯಲ್ಲಿ ಕೊನೆಯ ಒಂದೇ ಅಕ್ಷರದ ವ್ಯತ್ಯಾಸ.

ಹಂತ 6: ಜೋಡಿ ಮಾಡಿ, ಎಲ್ಲಿ ಸೇರುತ್ತವೆ ನೋಡಿ

ನನಗೆ ತುಂಬಾ ಇಷ್ಟವಾದ ಹಂತ ಇದು. ಕಲಿಕೆ ನಿಜವಾಗಿ ಆಗುವುದು ಇಲ್ಲೇ.

ಚಿರತೆ ಮತ್ತು ಚೀತಾ. ಎರಡಕ್ಕೂ ಚುಕ್ಕೆ, ದೂರದಿಂದ ಒಂದೇ ಥರ. ಎರಡೂ ಫೆಲಿಡೇ ಕುಟುಂಬ. ಆದರೆ ಅದರೊಳಗೆ ಚಿರತೆ ಪ್ಯಾಂಥೆರಿನೇ ಉಪಕುಟುಂಬ, ಹುಲಿ ಸಿಂಹಗಳ ಜೊತೆ ಪ್ಯಾಂಥೆರಾ ಜಾತಿಯಲ್ಲೇ ಇದೆ. ಚೀತಾ ಇರುವುದು ಫೆಲಿನೇ ಉಪಕುಟುಂಬದಲ್ಲಿ. ಅಂದರೆ ಚೀತಾಕ್ಕೆ ಚಿರತೆಗಿಂತ ಸಾಕುಬೆಕ್ಕು ಹತ್ತಿರದ ನಂಟು. ಅಮೆರಿಕದ ಪ್ಯೂಮಾ ಕೂಡ ಹಾಗೇ, ಅಷ್ಟು ದೊಡ್ಡ ಮೈ ಇದ್ದರೂ ಅದು ಬೆಕ್ಕಿನ ಕಡೆಯದು.

ಕತ್ತೆಕಿರುಬ ಮತ್ತು ನಾಯಿ. ನಡಿಗೆ, ಮುಖ, ಗುಂಪಿನ ಬೇಟೆ ಎಲ್ಲ ನೋಡಿ ಇವೆರಡೂ ಹತ್ತಿರ ಅನ್ನಿಸುತ್ತದೆ. ಕಾರ್ನಿವೋರಾ ಗಣದವರೆಗೆ ಜೊತೆಯಾಗಿ ಬರುತ್ತವೆ, ಅಲ್ಲಿಂದ ಮುಂದೆ ಕತ್ತೆಕಿರುಬ ಫೆಲಿಫಾರ್ಮಿಯಾ ಉಪಗಣಕ್ಕೆ ಹೋಗುತ್ತದೆ. ಬೆಕ್ಕು, ಮುಂಗುಸಿಗಳ ಕಡೆ. ನಾಯಿ, ಕರಡಿ, ಸೀಲ್ ಇನ್ನೊಂದು ಕಡೆ.

ಈಗ ಮೂರನ್ನು ಇಡಿ: ಗೆದ್ದಲು, ಇರುವೆ, ಜಿರಳೆ. ಗೂಡು ಕಟ್ಟುವುದು, ರಾಣಿ ಇರುವುದು, ಕೆಲಸಗಾರರು ಇರುವುದು ನೋಡಿದರೆ ಗೆದ್ದಲು ಮತ್ತು ಇರುವೆ ಒಂದು ಜೋಡಿ ಆಗಬೇಕು. ಆದರೆ ಇರುವೆ ಜೇನು ಕಣಜಗಳ ಜೊತೆ ಹೈಮೆನಾಪ್ಟೆರಾ ಗಣ. ಗೆದ್ದಲಿಗೆ ಐಸಾಪ್ಟೆರಾ ಅಂತ ಬೇರೆಯದೇ ಗಣ ಇತ್ತು. ಡಿಎನ್‌ಎ ಹೋಲಿಸಿ ನೋಡಿದಾಗ ಗೆದ್ದಲುಗಳು ಜಿರಳೆಗಳ ಕವಲಿನ, ಅಂದರೆ ಒಂದೇ ಹಿರೀಕರಿಂದ ಬಂದ ಗುಂಪಿನ, ಒಳಗೇ ಇವೆ ಅಂತ ಗೊತ್ತಾಯಿತು. ಮರ ತಿನ್ನುವ ಕ್ರಿಪ್ಟೊಸರ್ಕಸ್ ಎಂಬ ಜಿರಳೆ ಬೇರೆ ಜಿರಳೆಗಳಿಗಿಂತ ಗೆದ್ದಲಿಗೇ ಹತ್ತಿರ. ಹಾಗಾಗಿ ಈಗ ಗೆದ್ದಲೂ ಜಿರಳೆಯೂ ಬ್ಲಾಟೋಡಿಯಾ ಎಂಬ ಒಂದೇ ಗಣ. ಗೂಡು ಕಟ್ಟುವ ಬದುಕು ಇರುವೆಗಳಲ್ಲೂ ಗೆದ್ದಲುಗಳಲ್ಲೂ ಬೇರೆ ಬೇರೆಯಾಗಿ ಹುಟ್ಟಿಕೊಂಡಿತು.

ನಿಮ್ಮದೇ ಜೋಡಿ ಮಾಡುವಾಗ ಒಂದು ಹಾಳೆಯಲ್ಲಿ ಎರಡು ಸಾಲು ಬರೆದು, ಮೇಲಿನಿಂದ ಹೋಲಿಸುತ್ತಾ ಬನ್ನಿ. ಹೆಸರು ಒಂದೇ ಆಗಿರುವ ಕೊನೆಯ ಸ್ತರಕ್ಕೆ ಗುರುತು ಹಾಕಿ. ಆಮೇಲೆ ಮೂರನೆಯ ಜೀವಿಯನ್ನು ತನ್ನಿ. ಮೂರರಲ್ಲಿ ಯಾವ ಎರಡು ಹತ್ತಿರ ಅಂತ ಹೇಳಲು ಬಂತು ಅಂದರೆ ವಿಷಯ ಕೈಗೆ ಸಿಕ್ಕಿತು.

ಹಂತ 7: ಮುಖ್ಯ ಸ್ತರ ಸಾಲದಾಗ ನಡುವಿನವನ್ನು ಬಳಸಿ

ಮೇಲೆ ಉಪಕುಟುಂಬ, ಉಪಗಣ ತಾವಾಗಿಯೇ ಬಂದವು. ‘ಉಪ’ ಅಂದರೆ ಒಂದು ಮಟ್ಟ ಒಳಗೆ, ‘ಮಹಾ’ ಅಂದರೆ ಒಂದು ಮಟ್ಟ ಹೊರಗೆ. ಉಪಕುಟುಂಬಕ್ಕೂ ಜಾತಿಗೂ ನಡುವೆ ಟ್ರೈಬ್ ಬರುತ್ತದೆ. ಪ್ರಭೇದದ ಕೆಳಗೆ ಪ್ರಾಣಿಗಳಲ್ಲಿ ಉಪಪ್ರಭೇದ ಒಂದಕ್ಕೇ ನಿಯಮದ ಮಾನ್ಯತೆ. ನಾಯಿಯ ತಳಿಗಳಿಗೆ ಇಲ್ಲಿ ಯಾವ ಸ್ತರವೂ ಇಲ್ಲ. ಸಸ್ಯಗಳಲ್ಲಿ ಉಪಪ್ರಭೇದದ ಕೆಳಗೆ ವೆರೈಟಿ ಮತ್ತು ಫಾರ್ಮಾ ಕೂಡ ಉಂಟು. ಎಲ್ಲವನ್ನೂ ತುಂಬಲೇಬೇಕು ಅಂತಿಲ್ಲ. ನಿಮ್ಮ ಜೋಡಿಯನ್ನು ಬಿಡಿಸಲು ಬೇಕಾದಷ್ಟು ಸಾಕು.

ಹಂತ 8: ಅಣಬೆ, ಬ್ಯಾಕ್ಟೀರಿಯಾ, ವೈರಸ್

ಅಣಬೆ ಸಸ್ಯ ಅಲ್ಲ. ಅದರ ಸಾಮ್ರಾಜ್ಯ ಫಂಗೈ, ಮತ್ತು ಆ ಸಾಮ್ರಾಜ್ಯ ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಆದರೂ ಹೆಸರಿಡುವ ನಿಯಮ ಮಾತ್ರ ಸಸ್ಯಗಳ ಜೊತೆಯದು, ಅದಕ್ಕೇ ಅಣಬೆಗಳ ಕುಟುಂಬವೂ ‘ಏಸಿಯೇ’ ಅಂತ ಮುಗಿಯುತ್ತದೆ.

ಕೋಶಕೇಂದ್ರ ಇಲ್ಲದ ಜೀವಿಗಳೆಲ್ಲ ಒಂದೇ ಗುಂಪು ಅಂತ ಬಹುಕಾಲ ಅಂದುಕೊಂಡಿದ್ದರು. ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಬೇರೆಯದೇ ಕವಲು ಅಂತ ತೋರಿಸಿದರು. ಅದಕ್ಕೇ ಡೊಮೈನ್ ಮೂರು: ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ. ರಾಬರ್ಟ್ ವಿಟೇಕರ್ 1969ರಲ್ಲಿ ಕೊಟ್ಟ ಐದು ಸಾಮ್ರಾಜ್ಯದ ಪದ್ಧತಿಯಲ್ಲಿ ಬ್ಯಾಕ್ಟೀರಿಯಾ, ಆರ್ಕಿಯಾ ಎರಡೂ ಮೊನೇರಾ ಎಂಬ ಸಾಮ್ರಾಜ್ಯದೊಳಗೆ ಒಟ್ಟಿಗೇ ಇದ್ದವು. ಶಾಲೆಯ ಪುಸ್ತಕದಲ್ಲಿ ಐದು ಸಾಮ್ರಾಜ್ಯ, ಹೊಸ ಪಟ್ಟಿಯಲ್ಲಿ ಮೂರು ಡೊಮೈನ್ ಕಂಡರೆ ಕಾರಣ ಇದು. ಬ್ಯಾಕ್ಟೀರಿಯಾದ ವಂಶದ ಹೆಸರುಗಳನ್ನು 2021ರಲ್ಲಿ ಬದಲಿಸಿ ‘ಓಟಾ’ ಬಾಲ ಕೊಟ್ಟರು. ಪ್ರೊಟಿಯೋಬ್ಯಾಕ್ಟೀರಿಯಾ ಈಗ ಸ್ಯೂಡೊಮೊನಡೋಟಾ, ಫರ್ಮಿಕ್ಯೂಟೀಸ್ ಈಗ ಬ್ಯಾಸಿಲೋಟಾ.

ವೈರಸ್ಸುಗಳು ಈ ಮೂರು ಡೊಮೈನಿನಲ್ಲಿ ಎಲ್ಲೂ ಇಲ್ಲ. ಅವಕ್ಕೆ ತಮ್ಮದೇ 15 ಸ್ತರಗಳ ವ್ಯವಸ್ಥೆ ಇದೆ, ಎಲ್ಲಕ್ಕಿಂತ ಹೊರಗಿನದು ರೆಲ್ಮ್. ಕೋವಿಡ್ ತಂದ ವೈರಸ್ಸಿನ ರೆಲ್ಮ್ ರೈಬೋವಿರಿಯಾ, ಗಣ ನಿಡೋವೈರೇಲ್ಸ್, ಕುಟುಂಬ ಕೊರೊನಾವಿರಿಡೇ, ಜಾತಿ ಬೀಟಾಕೊರೊನಾವೈರಸ್.

ಹಂತ 9: ಒಂದು ಆಕರ ಹಿಡಿಯಿರಿ, ಹೆಸರು ಈಗಲೂ ಚಾಲ್ತಿಯಲ್ಲಿದೆಯೇ ನೋಡಿ

ಕ್ಯಾಟಲಾಗ್ ಆಫ್ ಲೈಫ್, ಜಿಬಿಐಎಫ್, ಎನ್‌ಸಿಬಿಐ ಟ್ಯಾಕ್ಸಾನಮಿ ಎಂಬ ಆನ್‌ಲೈನ್ ಪಟ್ಟಿಗಳೆಲ್ಲ ಉಚಿತವಾಗಿ ಸಿಗುತ್ತವೆ. ಕಡಲ ಜೀವಿಗಳಿಗೆ ವರ್ಮ್ಸ್ (WoRMS) ಎಂಬ ಪಟ್ಟಿ, ಸಸ್ಯಗಳಿಗೆ ಲಂಡನ್ನಿನ ಕ್ಯೂ ಉದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ಜಾಸ್ತಿ ಉಪಯೋಗ. ಮೇಲಿನ ಸ್ತರಗಳಲ್ಲಿ ಇವು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಅರ್ಧ ಇಲ್ಲಿಂದ, ಅರ್ಧ ಅಲ್ಲಿಂದ ತಂದು ಸೇರಿಸಿದರೆ ಯಾವ ಪದ್ಧತಿಗೂ ಸೇರದ ಪಟ್ಟಿ ಹುಟ್ಟುತ್ತದೆ. ಒಂದನ್ನೇ ಹಿಡಿದು, ಯಾವುದು ಮತ್ತು ಯಾವತ್ತು ನೋಡಿದ್ದು ಅಂತ ಪಕ್ಕದಲ್ಲಿ ಬರೆದಿಡಿ.

ಹೆಸರು ಹುಡುಕಿದಾಗ ‘ಒಪ್ಪಿತ ಹೆಸರು’ ಅಂತ ಇದೆಯಾ, ‘ಪರ್ಯಾಯ ಹೆಸರು’ ಅಂತ ಇದೆಯಾ ನೋಡಿ. ಟೊಮೆಟೊವನ್ನು ಲಿನೇಯಸ್ 1753ರಲ್ಲಿ ಆಲೂಗಡ್ಡೆ, ಬದನೆಗಳ ಜೊತೆ ಸೊಲಾನಮ್ ಜಾತಿಯಲ್ಲಿ ಇಟ್ಟರು. ಆಮೇಲೆ ಅದನ್ನು ಲೈಕೊಪರ್ಸಿಕಾನ್ ಎಂಬ ಬೇರೆ ಜಾತಿ ಮಾಡಿದರು, ಆ ಹೆಸರೇ ಬಹುಕಾಲ ಪುಸ್ತಕಗಳಲ್ಲಿ ಉಳಿಯಿತು. ಡಿಎನ್‌ಎ ನೋಡಿದರೆ ಟೊಮೆಟೊ ಆಲೂಗಡ್ಡೆಗೆ ತೀರಾ ಹತ್ತಿರ, ಸೊಲಾನಮ್‌ನ ಒಳಗೇ ಇದೆ. ಈಗ ಮತ್ತೆ ಸೊಲಾನಮ್ ಲೈಕೊಪರ್ಸಿಕಮ್. ಹಳೆಯ ಪುಸ್ತಕ ಓದುವವರಿಗೆ ಎರಡೂ ಹೆಸರು ಗೊತ್ತಿರಬೇಕು.

ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳುತ್ತೇನೆ. ಎರಡು ಗುಂಪು ಒಂದೇ ಸ್ತರದಲ್ಲಿವೆ ಅಂದಮಾತ್ರಕ್ಕೆ ಅವು ಅಳತೆಯಲ್ಲಿ ಸಮ ಅಲ್ಲ. ಜೀರುಂಡೆಗಳ ಕೋಲಿಯಾಪ್ಟೆರಾ ಒಂದು ಗಣ, ಅದರಲ್ಲಿ ಹೆಸರಿಟ್ಟ ಪ್ರಭೇದಗಳೇ ಸುಮಾರು 4 ಲಕ್ಷ. ಆಫ್ರಿಕಾದ ಆರ್ಡ್‌ವಾರ್ಕ್ ಎಂಬ ಪ್ರಾಣಿಯ ಟ್ಯೂಬುಲಿಡೆಂಟೇಟಾ ಕೂಡ ಒಂದು ಗಣ, ಅದರಲ್ಲಿ ಇವತ್ತು ಬದುಕಿರುವುದು ಒಂದೇ ಪ್ರಭೇದ. ‘ಎರಡು ಗಣಗಳ ನಡುವಿನ ದೂರ ಇಷ್ಟು’ ಅಂತ ಲೆಕ್ಕ ಹಾಕಲು ಹೋಗಬೇಡಿ. ಸರೀಸೃಪಗಳ ವರ್ಗದಲ್ಲಿ ಇನ್ನೂ ದೊಡ್ಡ ತೊಡಕಿದೆ: ಮೊಸಳೆ ಹಲ್ಲಿಗಿಂತ ಹಕ್ಕಿಗೆ ಹತ್ತಿರದ ನಂಟು. ಆದರೂ ಹಳೆಯ ಪದ್ಧತಿ ಮೊಸಳೆಯನ್ನೂ ಹಲ್ಲಿಯನ್ನೂ ಒಂದು ವರ್ಗಕ್ಕೆ ಹಾಕಿ ಹಕ್ಕಿಗಳಿಗೆ ಬೇರೆ ವರ್ಗ ಕೊಟ್ಟಿದೆ. ಇದಕ್ಕೇ ಹಲವು ಜೀವಶಾಸ್ತ್ರಜ್ಞರು ಸ್ತರಗಳ ಹೆಸರನ್ನು ಬದಿಗಿಟ್ಟು ಕವಲುಗಳನ್ನಷ್ಟೇ ಬರೆಯುತ್ತಾರೆ. ಸ್ತರವೂ ಕವಲೂ ಒಂದಕ್ಕೊಂದು ಒಪ್ಪದಿದ್ದರೆ ನಾನು ಕವಲನ್ನೇ ನಂಬುತ್ತೇನೆ.

ಅಭ್ಯಾಸಕ್ಕೆ ಈ ಮೂರನ್ನು ತೆಗೆದುಕೊಳ್ಳಿ: ತಿಮಿಂಗಿಲ, ನೀರಾನೆ, ಕುದುರೆ. ಮೂರೂ ಸಸ್ತನಿಗಳು, ಹಾಗಾಗಿ ವರ್ಗದವರೆಗೆ ಒಂದೇ ದಾರಿ. ಅಲ್ಲಿಂದ ಮುಂದೆ ಯಾವುದು ಬೇರೆಯಾಗುತ್ತದೆ ಅಂತ ಹುಡುಕಿ. ಕುದುರೆ ಪೆರಿಸೊಡಾಕ್ಟಿಲಾ ಗಣಕ್ಕೆ ಹೋಗಿ, ನೀರಾನೆಯೂ ತಿಮಿಂಗಿಲವೂ ಆರ್ಟಿಯೊಡಾಕ್ಟಿಲಾದಲ್ಲಿ ಒಟ್ಟಿಗೆ ಉಳಿದರೆ ನಿಮ್ಮ ಪಟ್ಟಿ ಸರಿಯಾಗಿದೆ. ತಿಮಿಂಗಿಲಕ್ಕೆ ಸಿಟೇಸಿಯಾ ಅಂತ ಬೇರೆ ಗಣ ಕಂಡರೆ, ನೀವು ನೋಡುತ್ತಿರುವುದು ಹಳೆಯ ಪದ್ಧತಿಯ ಪಟ್ಟಿ.